ಸ್ತೋತ್ರ, ತಮ್ಮಾ

ಮಯೂರ್ ವಿಹಾರದ ನಮ್ಮ ಸೊಸೈಟಿಯ ಲಿಫ್ಟಿನಲ್ಲಿ ಸಿಕ್ಕಾಗಲೆಲ್ಲ ನಾನು ಕೇಳುತ್ತೇನೆ: ‘ಹೇಗಿದ್ದೀರಿ ಅಕ್ಕಾ?’ ಅವರು ಹೇಳುತ್ತಾರೆ: ‘ಸ್ತೋತ್ರ, ತಮ್ಮಾ.’

ಗದಗ-ಬೆಟಗೇರಿ ಕಡೆಯವರು. ದೆಹಲಿಯ ಆಸ್ಪತ್ರೆಗಳಲ್ಲಿ ಮೂವತ್ತು ವರ್ಷಕ್ಕೂ ಹೆಚ್ಚು ನರ್ಸ್ ಆಗಿದ್ದು ನಿವೃತ್ತರಾದವರು. ಮೊದಲ ಸಲ ಆ ಉತ್ತರ ಕೇಳಿದಾಗ ಅಕ್ಕ ಈಗ ಏನನ್ನೋ ಪಠಿಸಲು ಶುರು ಮಾಡುತ್ತಾರೆಂದು ನಾನು ಕಾದೆ. ನಮ್ಮ ಮನೆಯಲ್ಲಿ ಸ್ತೋತ್ರವೆಂದರೆ ಅಜ್ಜಿ ದೀಪ ಹಚ್ಚಿದ ಮೇಲೆ ಹೇಳಿಕೊಳ್ಳುತ್ತಿದ್ದದ್ದು. ಅದಕ್ಕೆ ಮೊದಲಿತ್ತು, ನಡುವಿತ್ತು, ಕೊನೆಗೆ ಫಲಶ್ರುತಿಯೂ ಇತ್ತು. ಅಕ್ಕನದು ಒಂದೇ ಪದ. ಅಷ್ಟರಲ್ಲಿ ಮೂರನೇ ಮಹಡಿ ಬಂತು, ಇಳಿದು ಹೋದರು.

ಅವರ ಕಡೆಯ ಕ್ರೈಸ್ತರಲ್ಲಿ ಈ ಪದ ನಮಸ್ಕಾರವೂ ಹೌದು, ಕುಶಲದ ಉತ್ತರವೂ ಹೌದು, ಉಂಡ ಮೇಲಿನ ತೇಗಿಗೆ ಜೊತೆಯಾಗುವ ಮಾತೂ ಹೌದು. ಮೊಮ್ಮಗಳು ಪಾಸಾದಳೇ? ದೇವರಿಗೆ ಸ್ತೋತ್ರ. ಮಂಡಿ ನೋವು ಕಡಿಮೆಯಾಯಿತೇ? ಸ್ತೋತ್ರ. ಊರಿನಿಂದ ಹೊರಟ ಗಾಡಿ ನಿಜಾಮುದ್ದೀನ್ ಸ್ಟೇಷನ್ನಿಗೆ ಬರೀ ಎರಡು ತಾಸು ತಡವಾಗಿ ಬಂತೇ? ಅದಕ್ಕೂ ಸ್ತೋತ್ರ.

ಸಂಸ್ಕೃತದ ‘ಸ್ತು’ ಧಾತುವಿನಿಂದ ಬಂದ ಪದ. ಹೊಗಳು ಎಂದು ಅರ್ಥ. ಹೊಗಳಿಕೆಯ ಪದಕ್ಕೆ ಕೃತಜ್ಞತೆಯ ಕೆಲಸ ಕೊಟ್ಟವರು ಬೈಬಲ್ಲನ್ನು ಕನ್ನಡಕ್ಕೆ ತಂದವರು. ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ 1810ರಲ್ಲಿ ಬಳ್ಳಾರಿಗೆ ಬಂದ. 1831ರ ಹೊತ್ತಿಗೆ ಇಡೀ ಬೈಬಲ್ ಕನ್ನಡದಲ್ಲಿ ಅಚ್ಚಾಗಿತ್ತು. ಆಮೇಲೆ ಬಾಸೆಲ್ ಮಿಷನ್ನಿನವರೂ ಸೇರಿ ತಿದ್ದುತ್ತಾ ಬಂದರು. ರೊಟ್ಟಿ ಮುರಿಯುವ ಮುಂಚೆ, ಪಾತ್ರೆ ಎತ್ತುವ ಮುಂಚೆ ಯೇಸು ಮಾಡುವುದಕ್ಕೆ ಕನ್ನಡದಲ್ಲಿ ಏನೆನ್ನಬೇಕು? ಹಿಂದಿಯವರು ‘ಧನ್ಯವಾದ’ ಎಂದರು. ನಮ್ಮವರು ‘ಸ್ತೋತ್ರ’ವನ್ನು ಹಿಡಿದರು. ತಮಿಳು, ತೆಲುಗು, ಮಲಯಾಳದ ಕ್ರೈಸ್ತರ ಬಾಯಲ್ಲೂ ಅದೇ ಪದ ಓಡಾಡುತ್ತದೆ. ದೆಹಲಿಗೆ ಬಂದ ಹೊಸದರಲ್ಲಿ ಹಾಸ್ಟೆಲಿನ ಊಟದ ಮೇಜಿನಲ್ಲಿ ಕೇರಳದ ಹುಡುಗಿಯೊಬ್ಬಳು ತಟ್ಟೆಯ ಮುಂದೆ ಕಣ್ಣು ಮುಚ್ಚಿ ‘ಸ್ತೋತ್ರಂ’ ಎಂದದ್ದು ಕೇಳಿ, ಅಲ್ಲಿವರೆಗೆ ಯಾರೊಂದಿಗೂ ಮಾತಾಡದೆ ಕೂತಿದ್ದ ಅಕ್ಕ ಎದ್ದು ಹೋಗಿ ಅವಳ ಪಕ್ಕದಲ್ಲಿ ಕೂತರಂತೆ. ಕೊನೆಯ ‘ಅಂ’ ಒಂದು ಬಿಟ್ಟರೆ ಅದು ಊರಿನ ಮಾತೇ.

ಆ ಅನುವಾದಕರ ಕಾಲದ ಕನ್ನಡದಲ್ಲಿ ‘ಧನ್ಯವಾದ’ ದಿನಬಳಕೆಯ ಮಾತೇನೂ ಆಗಿರಲಿಲ್ಲ. ಈಗಲೂ ಅದು ವೇದಿಕೆಯ ಮಾತು. ಬಡಿಸಿದ ತಾಯಿಗೆ ಯಾರೂ ಧನ್ಯವಾದ ಹೇಳುವುದಿಲ್ಲ. ಹೇಳಿದರೆ ಆಕೆ ಮಗನಿಗೆ ಏನೋ ಆಗಿದೆ ಎಂದುಕೊಳ್ಳುತ್ತಾಳೆ. ನಾವು ಉಪಕಾರಕ್ಕೆ ಹರಕೆಯನ್ನೇ ಮರುಪಾವತಿಯಾಗಿ ಕೊಡುವವರು: ನಿನ್ನ ಹೊಟ್ಟೆ ತಣ್ಣಗಿರಲಿ, ನಿನಗೆ ಪುಣ್ಯ ಬರಲಿ. ಮನುಷ್ಯರ ಮಟ್ಟಿಗೆ ಇದು ಸಾಕು. ಆದರೆ ದೇವರಿಗೆ ಹೊಟ್ಟೆ ತಣ್ಣಗಿರಲಿ ಎನ್ನಲಾಗುವುದಿಲ್ಲವಲ್ಲ! ಅನುವಾದಕರು ಹೊಗಳಿಕೆಯ ಪದಕ್ಕೆ ಕೈ ಹಾಕಿದ್ದು ಅದಕ್ಕೇ ಇರಬೇಕೆಂದು ನನ್ನ ಊಹೆ. ಹಾಗೆ ಮಾಡಿ ಅವರು ಮೂಲಕ್ಕೆ ದ್ರೋಹವನ್ನೇನೂ ಮಾಡಲಿಲ್ಲ. ಹಳೆಯ ಹೀಬ್ರೂವಿನ ‘ತೋದಾ’ದಲ್ಲಿ ಸ್ತುತಿ, ಅರಿಕೆ, ಕೃತಜ್ಞತೆ ಮೂರೂ ಒಂದೇ ಗಂಟಿನಲ್ಲಿವೆ. ಗ್ರೀಕಿನಲ್ಲಿ ಕೃತಜ್ಞತೆಗಿರುವ ‘ಯೂಖರಿಸ್ತಿಯ’ ಎಂಬ ಮಾತಿನ ಹೊಟ್ಟೆಯೊಳಗೆ ‘ಖರಿಸ್’ ಕೂತಿದೆ, ಅಂದರೆ ಕೃಪೆ. ಪಡೆದದ್ದೂ ಅದೇ ಪದ, ಪಡೆದದ್ದಕ್ಕೆ ಹೇಳುವುದೂ ಅದೇ ಪದ.

ಕನ್ನಡದಲ್ಲಿ ‘ಕೃಪೆ’, ‘ಕೃತಜ್ಞತೆ’ ಎರಡೂ ಒಂದೇ ಅಕ್ಷರದಿಂದ ಶುರುವಾದರೂ ನೆಂಟರಲ್ಲ. ಕೃತಜ್ಞ ಎಂದರೆ ಮಾಡಿದ್ದನ್ನು ಬಲ್ಲವನು. ಒಂದು ಅಕ್ಷರ ತಪ್ಪಿದರೆ ಕೃತಘ್ನ, ಮಾಡಿದ್ದನ್ನು ಕೊಂದವನು. ದೆಹಲಿಯ ಒಂದು ಕನ್ನಡ ವೇದಿಕೆಯಲ್ಲಿ ವಂದನಾರ್ಪಣೆಗೆ ನಿಂತವರೊಬ್ಬರು ಊಟದ ದಾನಿಗಳಿಗೆ ‘ಹೃತ್ಪೂರ್ವಕ ಕೃತಘ್ನತೆ’ಗಳನ್ನು ಅರ್ಪಿಸಿದ್ದನ್ನು ನಾನೇ ಕೇಳಿದ್ದೇನೆ. ದಾನಿಗಳು ಕೈ ಮುಗಿದು ಸ್ವೀಕರಿಸಿದರು.

ಪೂಜೆಯ ಪದಗಳನ್ನು ಬೈಗುಳಕ್ಕೆ ತಿರುಗಿಸುವುದರಲ್ಲಿ ಕನ್ನಡಿಗರ ಕೈ ಪಳಗಿದೆ. ಮಂಗಳಾರತಿ, ಸಹಸ್ರನಾಮ, ಅಷ್ಟೋತ್ತರ, ಎಲ್ಲವೂ ಸಾಲ ತೀರಿಸದವನ ಮನೆ ಬಾಗಿಲಲ್ಲಿ ನಡೆಯುವಂಥವು. ಸ್ತೋತ್ರ ಮಾತ್ರ ಅಷ್ಟಾಗಿ ಕೆಟ್ಟಿಲ್ಲ. ಹೆಚ್ಚೆಂದರೆ ಮೇಲಧಿಕಾರಿಯ ಭಟ್ಟಂಗಿಗೆ ಅಂಟಿಕೊಂಡಿದೆ. ಅಕ್ಕನಂಥವರು ದಿನಕ್ಕೆ ಹತ್ತು ಸಲ ಬಳಸಿ ಉಜ್ಜುತ್ತಿರುವುದರಿಂದ ಅದರ ಹಿತ್ತಾಳೆ ಹೊಳಪು ಉಳಿದಿರಬಹುದೇನೋ.

ಈಗ ವ್ಯಾಕರಣಕ್ಕೆ ಬರುತ್ತೇನೆ, ನನಗೆ ಈ ಪದ ಹಿಡಿಸಿದ್ದೇ ಅಲ್ಲಿ. ‘ದೇವರಿಗೆ ಸ್ತೋತ್ರ.’ ಈ ವಾಕ್ಯದಲ್ಲಿ ಕ್ರಿಯಾಪದವಿಲ್ಲ, ‘ನಾನು’ ಇಲ್ಲ. ಇರುವುದು ಒಂದು ಚತುರ್ಥಿ, ಆ ‘ಗೆ’. ನಮ್ಮ ಭಾಷೆ ಮೊದಲೇ ಮನುಷ್ಯನನ್ನು ಈ ‘ಗೆ’ಯ ಕೆಳಗೆ ಕೂರಿಸಿಬಿಟ್ಟಿದೆ. ನನಗೆ ಹಸಿವಾಯಿತು, ನನಗೆ ಕೆಲಸ ಸಿಕ್ಕಿತು, ನಮಗೆ ಮಗು ಹುಟ್ಟಿತು. ಬದುಕಿನ ದೊಡ್ಡ ಸಂಗತಿಗಳಲ್ಲೆಲ್ಲ ನಾವು ಮಾಡುವವರಲ್ಲ, ನಮ್ಮ ಬಳಿ ಬಂದದ್ದನ್ನು ಕೈಯೊಡ್ಡಿ ತೆಗೆದುಕೊಳ್ಳುವವರು. ಹಿಂದಿಯವರೂ ‘ಮುಝೇ ಮಿಲಾ’ ಎನ್ನುತ್ತಾರೆ, ಅಲ್ಲೂ ಅದೇ ಬಾಗಿದ ಸರ್ವನಾಮ. ಅಕ್ಕ ಮಾಡುವುದಿಷ್ಟೇ: ‘ನನಗೆ’ ಎಂಬಲ್ಲಿಂದ ಆ ‘ಗೆ’ಯನ್ನು ಕಿತ್ತು ‘ದೇವರಿಗೆ’ ಎಂಬಲ್ಲಿ ಇಡುತ್ತಾರೆ.

ನಮ್ಮ ಕೆಳಗಿನ ಪಾರ್ಕಿಂಗಿನಲ್ಲಿ ಇದರ ಇನ್ನೊಂದು ಮುಖ ಕಾಣುತ್ತದೆ. ಕಾರುಗಳ ಹಿಂದಿನ ಗಾಜಿನ ಮೇಲೆ ‘ಮಾ ಕಾ ಆಶೀರ್ವಾದ್’, ‘ಮಾತಾ ರಾಣಿ ಕೀ ಕೃಪಾ’. ಅವುಗಳ ಪಕ್ಕದ ದೊಡ್ಡ ಗಾಡಿಯ ಮೇಲೆ ಬೆಳ್ಳಿಯ ಅಕ್ಷರದಲ್ಲಿ ಬರೀ ‘ಬ್ಲೆಸ್ಡ್’. ಮೊದಲೆರಡರಲ್ಲಿ ಕೊಟ್ಟವರ ಹೆಸರಾದರೂ ಇದೆ. ಮೂರನೆಯದರಲ್ಲಿ ಕೊಟ್ಟವರು ಯಾರೂ ಇಲ್ಲ, ಪಡೆದವನು ಮಾತ್ರ ಇದ್ದಾನೆ, ಅವನ ಗಾಡಿ ನನ್ನ ಜಾಗಕ್ಕೆ ಅರ್ಧ ಅಡಿ ಬಂದಿದೆ.

ಕ್ರೈಸ್ತ ಸಭೆಗಳೊಳಗೂ ಕೊಟ್ಟವರ, ಪಡೆದವರ ಈ ಎಳೆದಾಟ ಇಲ್ಲದಿಲ್ಲ. ಅಕ್ಕನ ಜೊತೆ ಒಮ್ಮೆ ಊರಿನ ಒಂದು ಆರಾಧನೆಗೆ ಹೋಗಿದ್ದೆ. ‘ಸ್ತೋತ್ರ ಕಾಣಿಕೆ’ಯ ಲಕೋಟೆಗಳನ್ನು ಓದುತ್ತಿದ್ದರು. ಮಗನಿಗೆ ಕೆಲಸ ಸಿಕ್ಕಿದ್ದಕ್ಕಾಗಿ ಇಂಥವರು ಇಷ್ಟು, ಹೊಸ ಮನೆಯ ಪ್ರವೇಶಕ್ಕಾಗಿ ಇಂಥವರು ಇಷ್ಟು, ವೀಸಾ ಬಂದದ್ದಕ್ಕಾಗಿ ಇಷ್ಟು. ಮೊತ್ತ ಏರಿದಂತೆ ಓದುವವರ ದನಿಯೂ ಏರುತ್ತಿತ್ತು. ನಡುವೆ ‘ಹೆಸರು ಬೇಡವೆಂದವರು, ಐವತ್ತು ರೂಪಾಯಿ’ ಎಂಬುದು ಬಂದಾಗ ದನಿ ಸ್ವಲ್ಪ ಇಳಿಯಿತು. ನಾನು ಅಕ್ಕನ ಮುಖ ನೋಡಿದೆ. ಅವರು ಹಾಡಿನ ಪುಸ್ತಕದಲ್ಲಿ ಮುಂದಿನ ಹಾಡು ಹುಡುಕುತ್ತಿದ್ದರು.

ದೆಹಲಿಯ ಹಿಂದಿ ಆರಾಧನೆಗಳಲ್ಲಿ ಸ್ತೋತ್ರದ ಜಾಗದಲ್ಲಿ ‘ಶುಕ್ರಗುಜಾರಿ’ ಇದೆ, ಎದುರು ಸಿಕ್ಕವರಿಗೆ ‘ಜೈ ಮಸೀಹ್ ಕೀ’. ಅಕ್ಕನಿಗೆ ಇಲ್ಲಿ ಮೂವತ್ತು ವರ್ಷ ಕಳೆದರೂ ಅದು ನಾಲಿಗೆಗೆ ಒಗ್ಗಿಲ್ಲ. ಚರ್ಚಿಗೆ ಇಲ್ಲಿಯವರು ‘ಗಿರ್ಜಾ’ ಎನ್ನುವುದು ಮಾತ್ರ ಇಷ್ಟ. ಕರಾವಳಿಯ ‘ಇಗರ್ಜಿ’ಯೂ ಇಲ್ಲಿಯ ‘ಗಿರ್ಜಾ’ವೂ ಪೋರ್ಚುಗೀಸಿನ ಒಂದೇ ತಾಯಿಯ ಮಕ್ಕಳೆಂದು ನಾನು ಹೇಳಿದಾಗ, ‘ನೋಡು, ಎಲ್ಲಿಂದೆಲ್ಲಿಗೆ ಬಂದಾವು’ ಎಂದಿದ್ದರು.

ಒಂದು ಸಲ ಮಾತ್ರ ಅವರು ಆ ಪದವನ್ನು ನುಂಗಿಕೊಂಡದ್ದನ್ನು ಕಂಡಿದ್ದೇನೆ. 2021ರ ಏಪ್ರಿಲ್. ಊರೆಲ್ಲ ಆಮ್ಲಜನಕದ ಸಿಲಿಂಡರಿಗೆ ಅಲೆಯುತ್ತಿದ್ದ ದಿನಗಳು. ಅಕ್ಕನಿಗೂ ಜ್ವರ ಬಂತು, ಹತ್ತು ದಿನ ಮಲಗಿ ಎದ್ದರು. ಅವರ ಕೆಳಗಿನ ಮನೆಯಲ್ಲಿ ನಲವತ್ತು ದಾಟದ ಗಂಡಸು ಹೋಗಿಬಿಟ್ಟ. ಮೇ ತಿಂಗಳಲ್ಲಿ ಮೆಟ್ಟಿಲಲ್ಲಿ ಸಿಕ್ಕಾಗ ಕೇಳಿದೆ, ಹೇಗಿದ್ದೀರಿ ಎಂದು. ‘ಆರಾಮ’ ಎಂದರು. ಬಹಳ ದಿನ ‘ಆರಾಮ’ವೇ ನಡೆಯಿತು. ಯಾವಾಗಲೋ ಕೇಳಿದ್ದಕ್ಕೆ ಹೇಳಿದರು: ‘ಆ ಹುಡುಗಿ ಬಾಗಿಲಾ ತೆರದ ಇಟ್ಕೊಂಡ ಕೂತಿರ್ತಿತ್ತು ತಮ್ಮಾ. ಅಕಿ ಕಿವಿಗೆ ಬೀಳೂಹಂಗ ಹೆಂಗ ಅನ್ಲಿ?’

ಕಾಶ್ಮೀರಿ ಗೇಟಿನ ಸೇಂಟ್ ಜೇಮ್ಸ್ ಚರ್ಚಿನ ಕತೆಯನ್ನು ನಾನು ಅಕ್ಕನಿಗೆ ಹೇಳಿದ್ದು ಕಳೆದ ಚಳಿಗಾಲದಲ್ಲಿ. ಮೆಟ್ರೋ ಇಳಿದು ನಡೆದೇ ಹೋಗಬಹುದಾದ ಜಾಗ. ಹಳದಿ ಬಿಳಿ ಬಣ್ಣ, ನೆತ್ತಿಯ ಮೇಲೆ ಗುಮ್ಮಟ. ಕಟ್ಟಿಸಿದವನು ಕರ್ನಲ್ ಜೇಮ್ಸ್ ಸ್ಕಿನ್ನರ್, ಸ್ಕಾಟ್ ತಂದೆ, ರಜಪೂತ ತಾಯಿಯ ಮಗ. ಸಿಂಧಿಯಾ ಪಡೆಯಲ್ಲಿದ್ದಾಗ, 1800ರಲ್ಲಿ, ಉನಿಯಾರಾದ ಕಾಳಗದಲ್ಲಿ ಗುಂಡು ತಿಂದು ಬಿದ್ದ. ಬದುಕಿ ಉಳಿದರೆ ಚರ್ಚು ಕಟ್ಟಿಸುತ್ತೇನೆಂದು ಹರಕೆ ಹೊತ್ತ. ಚರ್ಚಿನ ಪ್ರತಿಷ್ಠೆ ಆದದ್ದು 1836ರಲ್ಲಿ. ಹರಕೆ ತೀರಲು ಮೂವತ್ತಾರು ವರ್ಷ! ಅಜ್ಜಿಯ ಸ್ತೋತ್ರದಲ್ಲಿ ಫಲಶ್ರುತಿ ಕೊನೆಗೆ ಬರುತ್ತಿತ್ತು. ಇಲ್ಲಿ ಫಲ ಮೊದಲು ಬಂದು, ಸ್ತೋತ್ರ ಇಷ್ಟು ನಿಧಾನವಾಗಿ ಕಲ್ಲು ಸುಣ್ಣದಲ್ಲಿ ಮೇಲೆದ್ದಿದೆ.

ಗೈಡುಗಳು ಹೇಳುವುದು ಇಷ್ಟನ್ನೇ. ಕಾಳಗ ಮುಗಿದ ಮೇಲಿನ ಸಂಗತಿ ಸ್ಕಿನ್ನರನ ನೆನಪುಗಳ ಪುಸ್ತಕದಲ್ಲಿದೆ. ಬಯಲಲ್ಲಿ ಗಾಯಾಳುಗಳು ನೀರಿಲ್ಲದೆ ಬಿದ್ದಿದ್ದಾರೆ. ಒಬ್ಬ ಗಂಡಸು, ಒಬ್ಬಳು ಮುದುಕಿ ಬುಟ್ಟಿ, ನೀರಿನ ಮಡಕೆ ಹೊತ್ತು ಬರುತ್ತಾರೆ. ಒಬ್ಬೊಬ್ಬರಿಗೂ ಒಂದು ತುಂಡು ಜೋಳದ ರೊಟ್ಟಿ, ಕುಡಿಯಲು ನೀರು. ಸ್ಕಿನ್ನರ್ ತಿಂದ, ಕುಡಿದ. ಅವನ ಪಕ್ಕದಲ್ಲಿ ಬಿದ್ದಿದ್ದ ಸುಬೇದಾರ ರಜಪೂತ, ಹೆಂಗಸು ಚಮ್ಮಾರಳು. ಅವನು ರೊಟ್ಟಿಯನ್ನೂ ಮುಟ್ಟಲಿಲ್ಲ, ನೀರನ್ನೂ ಮುಟ್ಟಲಿಲ್ಲ. ಕೆಲವು ಗಂಟೆಯ ಜೀವಕ್ಕಾಗಿ ಕುಲ ಯಾಕೆ ಕೆಡಿಸಿಕೊಳ್ಳಲಿ ಎಂಬುದು ಅವನ ಲೆಕ್ಕ.

ನಾನು ಇಲ್ಲಿ ಬಹಳ ಹೊತ್ತು ನಿಂತಿದ್ದೇನೆ. ವರ ಬೇಕೆಂದು ಎಲ್ಲರೂ ಕೈ ಚಾಚುತ್ತಾರೆ, ಆದರೆ ಅದು ಯಾವ ಕೈಯಿಂದ ಬರಬೇಕೆಂದೂ ಮನಸ್ಸಿನಲ್ಲೇ ಗೊತ್ತು ಮಾಡಿಕೊಂಡಿರುತ್ತಾರೆ. ಸುಬೇದಾರ ದೇವರನ್ನು ಕರೆದಿರಲಿಕ್ಕಿಲ್ಲವೇ? ಬಂದದ್ದು ಒಣ ಜೋಳದ ರೊಟ್ಟಿಯಾಗಿ, ಮುಟ್ಟಬಾರದವಳ ಬುಟ್ಟಿಯಲ್ಲಿ. ವಿನಯವನ್ನು ನಾವು ಕೊಡುವಾಗಿನ ಗುಣವೆಂದು ತಿಳಿದಿದ್ದೇವೆ, ದಾನಿಯ ತಲೆ ಬಾಗಿದ್ದರೆ ಮೆಚ್ಚುತ್ತೇವೆ. ತೆಗೆದುಕೊಳ್ಳುವುದಕ್ಕೆ ಬೇಕಾದ ವಿನಯ ಅದಕ್ಕಿಂತ ಕಷ್ಟದ್ದು. ಲೂಕನ ಸುವಾರ್ತೆಯಲ್ಲಿ ಗುಣವಾದ ಹತ್ತು ಕುಷ್ಠರೋಗಿಗಳ ಪೈಕಿ ತಿರುಗಿ ಬಂದು ಕಾಲಿಗೆ ಬಿದ್ದವನು ಒಬ್ಬನೇ, ಅವನೂ ಹೊರಗಿನವನು, ಸಮಾರ್ಯದವನು. ಉಳಿದ ಒಂಬತ್ತು ಮಂದಿ ಕೆಟ್ಟವರೇನಲ್ಲ. ಯಾಜಕರಿಗೆ ಮೈ ತೋರಿಸಲು ಹೇಳಿದಂತೆಯೇ ಅವಸರದಲ್ಲಿ ಹೋಗುತ್ತಿದ್ದವರು.

ಸ್ಕಿನ್ನರ್ ಆಮೇಲೆ ಆ ಹೆಂಗಸಿಗೆ ಸಾವಿರ ರೂಪಾಯಿ ಕಳಿಸಿದ, ಆಕೆಯನ್ನು ತಾಯಿ ಎಂದ. 1841ರಲ್ಲಿ ಹಾನ್ಸಿಯಲ್ಲಿ ತೀರಿಕೊಂಡ ಅವನನ್ನು ಮುಂದಿನ ವರ್ಷ ದೆಹಲಿಗೆ ತಂದು ಇದೇ ಚರ್ಚಿನಲ್ಲಿ ಇಟ್ಟರು. ಒಳಬರುವವರೆಲ್ಲ ತುಳಿದುಕೊಂಡು ಬರುವಂತೆ ತನ್ನನ್ನು ಹೊಸ್ತಿಲಡಿ ಹೂಳಬೇಕೆಂದು ಅವನು ಹೇಳಿದ್ದನೆಂಬ ಮಾತಿದೆ. ಸಮಾಧಿ ಇರುವುದು ಬಲಿಪೀಠದ ಮುಂದೆ. ಎಲ್ಲರಿಗಿಂತ ಕೆಳಗಿನ ಜಾಗ ಕೇಳಿದವನಿಗೆ ಎಲ್ಲರಿಗಿಂತ ಮೇಲಿನ ಜಾಗ ಸಿಕ್ಕಿತು.

ಇಷ್ಟನ್ನೂ ನಾನು ಅಕ್ಕನ ಅಡುಗೆಮನೆಯ ಸ್ಟೂಲಿನ ಮೇಲೆ ಕೂತು ಹೇಳಿದೆ. ಹೊರಗೆ ಜನವರಿಯ ಮಂಜು, ಒಳಗೆ ಅವರು ರೊಟ್ಟಿ ಬಡಿಯುತ್ತಿದ್ದರು. ಗುಮ್ಮಟಕ್ಕಾಗಲಿ ಕರ್ನಲ್ಲನಿಗಾಗಲಿ ಅವರು ಬೆರಗಾಗಲಿಲ್ಲ. ಹಂಚಿನ ಮೇಲಿನ ರೊಟ್ಟಿಗೆ ನೀರು ಸವರುತ್ತಾ ಕೇಳಿದರು:

‘ಆ ಹೆಣಮಗಳ ಹೆಸರೇನಂತ?’

‘ಪುಸ್ತಕದಲ್ಲಿಲ್ಲ ಅಕ್ಕಾ. ಜಾತಿ ಬರೆದಿದ್ದಾನೆ, ಹೆಸರು ಬರೆದಿಲ್ಲ.’

‘ಸಾವಿರ ರೂಪಾಯಿ ಕಳಿಸ್ಯಾನ. ಹೆಸರು ಕೇಳಿಲ್ಲೇನು?’

ನಾನು ಸುಮ್ಮನಿದ್ದೆ. ರೊಟ್ಟಿ ಉಬ್ಬಿತು. ಅದನ್ನು ನನ್ನ ತಟ್ಟೆಗೆ ಹಾಕಿ, ಶೇಂಗಾ ಹಿಂಡಿಯ ಡಬ್ಬಿ ಮುಂದೆ ಸರಿಸಿದರು. ನಾನು ಅಭ್ಯಾಸಬಲದಿಂದ ‘ಥ್ಯಾಂಕ್ಸ್ ಅಕ್ಕಾ’ ಎಂದೆ.

‘ಹಿಂಡಿ ಹಚ್ಕೋ ಮೊದಲ. ಬರೇ ರೊಟ್ಟಿ ಗಂಟಲಾಗ ಹಿಡೀತೈತಿ.’