ಕಂತಿನ ಮರುನಿಗದಿ: ಕರ್ನಾಟಕದ ಕಿರುಸಾಲ ವಸೂಲಿಯಲ್ಲಿ ಸಂಧಾನದ ನೆಲೆ

1. ಪೀಠಿಕೆ

2025ರ ಜನವರಿಯಲ್ಲಿ ಚಾಮರಾಜನಗರ ಜಿಲ್ಲೆಯ ಹಳ್ಳಿಗಳಿಂದ ಮೈಕ್ರೋಫೈನಾನ್ಸ್ ವಸೂಲಿಗೆ ಹೆದರಿ ಕುಟುಂಬಗಳು ಊರು ಬಿಟ್ಟ ಸುದ್ದಿ ಬಂತು. ಬಲವಂತದ ವಸೂಲಿಗೆ ಗರಿಷ್ಠ 10 ವರ್ಷ ಜೈಲು, 5 ಲಕ್ಷ ರೂಪಾಯಿವರೆಗೆ ದಂಡ ವಿಧಿಸುವ ಸುಗ್ರೀವಾಜ್ಞೆಗೆ ಫೆಬ್ರವರಿಯಲ್ಲಿ ರಾಜ್ಯಪಾಲರ ಅಂಕಿತ ಬಿತ್ತು. ಅಂದಿನ ಚರ್ಚೆ ಹೆಚ್ಚಾಗಿ ದೌರ್ಜನ್ಯ ಮತ್ತು ಶಿಕ್ಷೆಯ ಸುತ್ತ ನಡೆಯಿತು. ಆದರೆ ಬೆದರಿಕೆ ನಿಂತ ಮೇಲೂ ಕಂತು ಉಳಿದೇ ಇರುತ್ತದೆ. ಸಾಲ ಪಡೆದ ಮನೆ ಎಷ್ಟು ಕಟ್ಟಬಲ್ಲದು ಎಂಬುದನ್ನು ಯಾರು, ಯಾವ ಲೆಕ್ಕದಲ್ಲಿ ತೀರ್ಮಾನಿಸಬೇಕು? ಸಾಲ ಕೊಡುವಾಗ ಅಳೆಯುವ ತಾಕತ್ತನ್ನು ಕಂತು ತಪ್ಪಿದಾಗಲೂ ಅಳೆಯಬೇಕು, ಆ ಅಳತೆ ಬಡ್ಡಿಯನ್ನೂ ಒಳಗೊಳ್ಳಬೇಕು ಎಂಬುದು ಈ ಲೇಖನದ ವಾದ.

2. ನಿಯಮದಲ್ಲಿರುವ ಅಳತೆ

ರಿಸರ್ವ್ ಬ್ಯಾಂಕಿನ 2022ರ ನಿರ್ದೇಶನಗಳ ಪ್ರಕಾರ, ವಾರ್ಷಿಕ ವರಮಾನ 3 ಲಕ್ಷ ರೂಪಾಯಿ ಮೀರದ ಕುಟುಂಬಕ್ಕೆ ಅಡಮಾನವಿಲ್ಲದೆ ಕೊಡುವ ಸಾಲವೇ ಕಿರುಸಾಲ. ಕುಟುಂಬದ ಎಲ್ಲ ಸಾಲಗಳ ಕಂತು ಸೇರಿ ತಿಂಗಳ ವರಮಾನದ ಶೇ. 50ನ್ನು ದಾಟುವಂತಿಲ್ಲ. ವಸೂಲಿ ನಡೆಯಬೇಕಾದದ್ದು ಇಬ್ಬರೂ ಒಪ್ಪಿದ ಜಾಗದಲ್ಲಿ. ಸಾಲಗಾರರು ಸತತ ಎರಡು ಬಾರಿ ಅಲ್ಲಿಗೆ ಬಾರದಿದ್ದರೆ ಮಾತ್ರ ಸಿಬ್ಬಂದಿ ಮನೆಗೆ ಹೋಗಬಹುದು. ಬೆಳಿಗ್ಗೆ 9ಕ್ಕೆ ಮೊದಲು, ಸಂಜೆ 6ರ ನಂತರ ಫೋನ್ ಮಾಡುವಂತಿಲ್ಲ. ನೆಂಟರಿಷ್ಟರನ್ನು ಕಾಡುವಂತಿಲ್ಲ. ಕಂತು ಕಟ್ಟಲು ಕಷ್ಟಪಡುವವರನ್ನು ಗುರುತಿಸಿ, ಮಾತನಾಡಿ, ಇರುವ ದಾರಿಗಳನ್ನು ತಿಳಿಸುವ ವ್ಯವಸ್ಥೆಯನ್ನೂ ಸಂಸ್ಥೆ ಇಟ್ಟುಕೊಳ್ಳಬೇಕು. ಸಂಧಾನಕ್ಕೆ ಆಧಾರವಾಗಬಲ್ಲ ಅಂಶ ಇದೇ. ಆದರೆ ಶೇ. 50ರ ಮಿತಿಗೆ ಕೆಲಸವಿರುವುದು ಸಾಲ ಮಂಜೂರಾಗುವ ಹೊತ್ತಿನಲ್ಲಿ. ನಂತರ ವರಮಾನ ಕುಸಿದರೆ ಕಂತು ತಾನಾಗಿ ಇಳಿಯುವುದಿಲ್ಲ.

3. ಗುಂಪಿನ ಹೊಣೆ

ಗುಂಪಾಗಿ ಪಡೆಯುವ ಕಿರುಸಾಲದಲ್ಲಿ, ಅಂದರೆ ಸಂಘದ ಸಾಲದಲ್ಲಿ, ಚೌಕಾಸಿ ಕಷ್ಟವಾಗಲು ಅದರ ರಚನೆಯೇ ಕಾರಣ. ಒಬ್ಬಳ ಕಂತು ಬಾಕಿ ಬಿದ್ದರೆ ಉಳಿದವರು ಕೈಯಿಂದ ಹಾಕಬೇಕು. ಹಾಗಾಗಿ ಪಕ್ಕದ ಮನೆಯವಳೇ ವಸೂಲಿಗೆ ನಿಲ್ಲುತ್ತಾಳೆ. ವಸೂಲಿಗೆ ಬಂದ ಹುಡುಗನಿಗೂ ಕಂತು ತಗ್ಗಿಸುವ ಅಧಿಕಾರವಿಲ್ಲ, ಅವನ ಮೇಲಿರುವುದು ಆ ದಿನದ ಗುರಿ. ಆದ್ದರಿಂದ ಕಂತು ಕಟ್ಟಲು ಗುಂಪು ಸೇರುವ ಸೆಂಟರ್ ಮೀಟಿಂಗಿನಲ್ಲಿ ಅಂಗಲಾಚುವುದಕ್ಕಿಂತ ಶಾಖೆಯ ವ್ಯವಸ್ಥಾಪಕರಿಗೆ, ಅಲ್ಲಿಂದ ಕುಂದುಕೊರತೆ ಅಧಿಕಾರಿಗೆ ಅರ್ಜಿ ಬರೆದುಕೊಟ್ಟು ಸ್ವೀಕೃತಿ ಪಡೆಯುವುದೇ ಸಂಧಾನದ ಸರಿಯಾದ ಮೊದಲ ಹೆಜ್ಜೆ.

4. ಒಂದು ಮಾದರಿ ಲೆಕ್ಕ

ತಿಂಗಳಿಗೆ 16,000 ರೂಪಾಯಿ ವರಮಾನದ ಒಂದು ಮನೆಯನ್ನು ಊಹಿಸಿಕೊಳ್ಳೋಣ. ಮೂರು ಕಡೆ ಕ್ರಮವಾಗಿ 60,000, 40,000 ಮತ್ತು 25,000 ರೂಪಾಯಿ ಬಾಕಿಯಿದೆ. ಕಂತುಗಳು 3,600, 2,400 ಮತ್ತು 1,500. ಒಟ್ಟು 7,500, ಅಂದರೆ ನಿಯಮದ ಮಿತಿಯೊಳಗೇ. ದುಡಿಯುವವರಲ್ಲಿ ಒಬ್ಬರು ಕಾಯಿಲೆ ಬಿದ್ದು ವರಮಾನ 9,000ಕ್ಕೆ ಇಳಿಯಿತು. ದಿನಸಿ, ಬಾಡಿಗೆ, ಔಷಧಿಗೆ 6,500 ಹೋದರೆ ಉಳಿಯುವುದು 2,500. ಶೇ. 50ರ ಲೆಕ್ಕ ಹಿಡಿದರೂ ಕಂತು 4,500 ಆಗುತ್ತದೆ, ಅದೂ ಕೈಗೆ ಮೀರಿದ್ದು. ಯಾರು ಜೋರಾಗಿ ಕೂಗುತ್ತಾರೋ ಅವರಿಗೆ ಮೊದಲು ಕೊಡುವ ಬದಲು ಬಾಕಿಯ ಪ್ರಮಾಣದಲ್ಲಿ ಹಂಚಿದರೆ 1,200, 800, 500 ಬರುತ್ತದೆ.

ನ್ಯಾಯವಾಗಿ ಕಾಣುವ ಈ ಹಂಚಿಕೆಯಲ್ಲೂ ಒಂದು ತೊಡಕಿದೆ. ಬಡ್ಡಿ ವರ್ಷಕ್ಕೆ ಶೇ. 24 ಆಗಿದ್ದರೆ 1,25,000 ರೂಪಾಯಿಗೆ ತಿಂಗಳ ಬಡ್ಡಿಯೇ 2,500. ಕಟ್ಟಿದ್ದೆಲ್ಲ ಬಡ್ಡಿಗೆ ಹೋಗಿ ಅಸಲು ಒಂದು ರೂಪಾಯಿಯೂ ಕರಗದು. ಕಂತನ್ನಷ್ಟೇ ಇಳಿಸುವ ಸಂಧಾನ ಸಾಲವನ್ನು ತೀರಿಸುವುದಿಲ್ಲ, ಲಂಬಿಸುತ್ತದೆ.

5. ಒಪ್ಪಂದದ ರೂಪ

ಹೀಗಾಗಿ ಒಪ್ಪಂದದ ಪತ್ರದಲ್ಲಿ ಹೊಸ ಕಂತು, ಅವಧಿ, ಬಡ್ಡಿಯ ದರ ಮತ್ತು ಕಟ್ಟಿದ ಹಣ ಅಸಲಿಗೆ ಹೋಗುತ್ತದೋ ಬಡ್ಡಿಗೋ ಎಂಬುದು ಸ್ಪಷ್ಟವಾಗಿರಬೇಕು. ಸ್ವಲ್ಪ ಬಿಟ್ಟು ಒಂದೇ ಗಂಟಿನಲ್ಲಿ ಮುಗಿಸುವ ಸೆಟಲ್‌ಮೆಂಟ್ ಬೇರೆಯೇ ಬಗೆ. ರಿಸರ್ವ್ ಬ್ಯಾಂಕಿನ 2023ರ ಚೌಕಟ್ಟು ಹಣ ಕಟ್ಟಲು ಮೂರು ತಿಂಗಳಿಗಿಂತ ಹೆಚ್ಚು ಗಡುವಿರುವ ಇಂಥ ರಾಜಿಯನ್ನು ಸಾಲದ ಪುನರ್‌ರಚನೆ ಎಂದೇ ಪರಿಗಣಿಸುತ್ತದೆ. ಸೆಟಲ್‌ಮೆಂಟ್ ಆದ ಸಾಲ ಕ್ರೆಡಿಟ್ ವರದಿಯಲ್ಲಿ ಪೂರ್ತಿ ತೀರಿದ ಸಾಲದಂತೆ ಕಾಣುವುದಿಲ್ಲ; ಇದನ್ನು ಸಹಿಗೆ ಮೊದಲೇ ತಿಳಿದಿರಬೇಕು. ಮೊಕದ್ದಮೆಗೆ ಮುಂಚೆಯೇ ಲೋಕ ಅದಾಲತ್ತಿನ ಮುಂದೆ ರಾಜಿಯಾದರೆ ಶುಲ್ಕವಿಲ್ಲ, ಆ ತೀರ್ಪಿಗೆ ಸಿವಿಲ್ ಡಿಕ್ರಿಯ ಬಲವಿದೆ, ಮೇಲ್ಮನವಿ ಇಲ್ಲ. ಹೊಸ ಕಂತನ್ನೂ ಕಟ್ಟಲಾಗದಿದ್ದರೆ ಅದೇ ಬಲ ಸಾಲಗಾರರ ಮೇಲೆ ತಿರುಗುವುದರಿಂದ, ಒಪ್ಪುವ ಮೊತ್ತ ಮರ್ಯಾದೆಗೆ ಅಂಜಿ ಹೇಳಿದ್ದಾಗಿರದೆ ಮನೆಯ ಲೆಕ್ಕದಿಂದ ಬಂದದ್ದಾಗಿರಬೇಕು.

6. ಸಮಾರೋಪ

ಮೈಕ್ರೋಫೈನಾನ್ಸ್ ವಸೂಲಿಯನ್ನು ನಿರ್ಬಂಧಿಸಿದ ಆಂಧ್ರಪ್ರದೇಶದ 2010ರ ಕಾನೂನಿನ ನಂತರ ಅಲ್ಲಿ ಮರುಪಾವತಿಯೂ ಕುಸಿಯಿತು, ಹೊಸ ಸಾಲವೂ ಬತ್ತಿತು. ವಸೂಲಿಯನ್ನು ತಡೆಯುವುದೂ ಸಾಲವನ್ನು ಪರಿಹರಿಸುವುದೂ ಬೇರೆ ಬೇರೆ ಎಂಬುದಕ್ಕೆ ಈ ಅನುಭವ ಸಾಕ್ಷಿ. ಕಂತು ತಪ್ಪಿದ ಕುಟುಂಬದ ವರಮಾನವನ್ನು ಸಂಸ್ಥೆ ಮತ್ತೆ ಅಳೆಯಬೇಕು, ಎಲ್ಲ ಸಾಲದಾತರೂ ಒಟ್ಟಾಗಿ ಬಾಕಿಯ ಪ್ರಮಾಣದಲ್ಲಿ ಕಂತು ಒಪ್ಪಬೇಕು, ಮರುನಿಗದಿಯ ಅವಧಿಗೆ ಬಡ್ಡಿ ತಗ್ಗಬೇಕು. ಈ ಮೂರನ್ನೂ ಕಡ್ಡಾಯ ಮಾಡಿದರೆ, ಸಂಧಾನವು ಶಾಖಾ ವ್ಯವಸ್ಥಾಪಕರ ದಾಕ್ಷಿಣ್ಯವಾಗಿ ಉಳಿಯದೆ ಸಾಲಗಾರರ ಹಕ್ಕಾಗುತ್ತದೆ.