ನ್ಯಾಸ್ಕಾರ್ ಫೈನಲ್ ಲೆಕ್ಕಾಚಾರ: ಗೆಲ್ಲುವ ಕುದುರೆಯನ್ನು ಗುರುತಿಸುವುದು ಹೇಗೆ, ಲೆಕ್ಕ ತಪ್ಪುವುದು ಎಲ್ಲಿ?

2025ರ ನವೆಂಬರ್ 2. ಅಮೆರಿಕದ ಅರಿಜೋನಾ ರಾಜ್ಯದ ಫೀನಿಕ್ಸ್ ಟ್ರ್ಯಾಕ್‌ನಲ್ಲಿ ನ್ಯಾಸ್ಕಾರ್ ಕಪ್ ಸರಣಿಯ ಕೊನೆಯ ರೇಸ್. 44 ವರ್ಷದ ಡೆನ್ನಿ ಹ್ಯಾಮ್ಲಿನ್ ಮೊದಲ ಸಾಲಿನಿಂದ ಹೊರಟು 208 ಲ್ಯಾಪ್ ಮುನ್ನಡೆಯಲ್ಲಿದ್ದರು. ಆ ಸೀಸನ್‌ನಲ್ಲಿ ಅತಿ ಹೆಚ್ಚು, ಅಂದರೆ 6 ರೇಸ್ ಗೆದ್ದವರೂ ಅವರೇ. ಇನ್ನು ಮೂರು ಲ್ಯಾಪ್ ಮುಗಿಸಿದ್ದರೆ 20 ವರ್ಷಗಳಿಂದ ಕೈಗೆ ಸಿಗದ ಚಾಂಪಿಯನ್ ಪಟ್ಟ ಅವರದಾಗುತ್ತಿತ್ತು.

ಅಷ್ಟರಲ್ಲಿ ವಿಲಿಯಂ ಬೈರನ್ ಅವರ ಕಾರಿನ ಟೈರ್ ಕೈಕೊಟ್ಟು ಕಾರು ಗೋಡೆಗೆ ಬಡಿಯಿತು. ಹಳದಿ ಬಾವುಟ ಹಾರಿತು, ಎಲ್ಲರೂ ಪಿಟ್‌ಗೆ ಬಂದರು. ಹ್ಯಾಮ್ಲಿನ್ ತಂಡ ನಾಲ್ಕೂ ಟೈರ್ ಬದಲಿಸಿತು. ಕೈಲ್ ಲಾರ್ಸನ್ ತಂಡ ಎರಡನ್ನು ಮಾತ್ರ ಬದಲಿಸಿ ಅವರನ್ನು ಹ್ಯಾಮ್ಲಿನ್‌ಗಿಂತ ಮುಂದೆ ಹೊರಗೆ ಕಳಿಸಿತು. ಕೊನೆಯ ಎರಡು ಲ್ಯಾಪ್‌ಗಳ ಓಟದಲ್ಲಿ ಲಾರ್ಸನ್ ಮೂರನೆಯವರಾದರು, ಹ್ಯಾಮ್ಲಿನ್ ಆರನೆಯವರು. ಇಡೀ ರೇಸ್‌ನಲ್ಲಿ ಒಂದೇ ಒಂದು ಲ್ಯಾಪ್ ಕೂಡ ಮುನ್ನಡೆಯಲ್ಲಿರದ ಲಾರ್ಸನ್ ಚಾಂಪಿಯನ್ ಆದರು!

ಹಾಗಾದರೆ ಹ್ಯಾಮ್ಲಿನ್ ಗೆಲ್ಲುತ್ತಾರೆ ಎಂದು ಊಹಿಸಿದವರ ಲೆಕ್ಕ ತಪ್ಪಾಗಿತ್ತೇ? ಹಾಗೆ ಹೇಳಲಾಗದು. ಯಾರು ಮುಂದೆ ಓಡುತ್ತಾರೆ ಎಂಬ ಲೆಕ್ಕ ಬೇರೆ, ಯಾರು ಕಪ್ ಎತ್ತುತ್ತಾರೆ ಎಂಬ ಲೆಕ್ಕ ಬೇರೆ. ಫೈನಲ್ ಬಗ್ಗೆ ಊಹೆ ಮಾಡುವವರು ಇವೆರಡನ್ನು ಬೇರೆ ಬೇರೆಯಾಗಿ ನೋಡಲೇಬೇಕು. ಹೇಗೆ ಎಂಬುದರ ಪೂರ್ಣ ವಿವರ ಇಲ್ಲಿದೆ.

ಏನಿದು ಸ್ಟಾಕ್ ಕಾರ್ ರೇಸ್?

ಶೋರೂಂನಲ್ಲಿ ಮಾರಾಟಕ್ಕಿರುವ ಮಾಮೂಲಿ ಕಾರಿಗೆ ಅಮೆರಿಕದಲ್ಲಿ 'ಸ್ಟಾಕ್ ಕಾರ್' ಎನ್ನುತ್ತಿದ್ದರು. ಅಂಥ ಕಾರುಗಳ ರೇಸ್‌ಗೆ ಒಂದು ಶಿಸ್ತು ತರಲು 1948ರಲ್ಲಿ ಬಿಲ್ ಫ್ರಾನ್ಸ್ ಸೀನಿಯರ್ ನೇತೃತ್ವದಲ್ಲಿ ನ್ಯಾಸ್ಕಾರ್ ಸಂಸ್ಥೆ ಹುಟ್ಟಿತು. ಈಗಿನ ಕಾರುಗಳು ರೇಸ್‌ಗೆಂದೇ ತಯಾರಾಗುವಂಥವು, ಹೊರರೂಪ ಮಾತ್ರ ಷೆವರ್ಲೆ, ಫೋರ್ಡ್, ಟೊಯೋಟಾ ಕಂಪನಿಗಳ ಕಾರುಗಳನ್ನು ಹೋಲುತ್ತದೆ. ಕಪ್ ಸರಣಿಯಲ್ಲಿ ವರ್ಷಕ್ಕೆ 36 ರೇಸ್. ಹೆಚ್ಚಿನವು ಅಂಡಾಕಾರದ ಟ್ರ್ಯಾಕ್‌ಗಳಲ್ಲಿ ನಡೆಯುತ್ತವೆ.

ನಮ್ಮ ಓದುಗರಿಗೆ ಈ ಹೆಸರು ತೀರಾ ಹೊಸದೇನಲ್ಲ. ಫಾರ್ಮುಲಾ ಒನ್‌ನಲ್ಲಿ ಓಡಿದ ಮೊದಲ ಭಾರತೀಯ, ಕೊಯಮತ್ತೂರಿನ ನಾರಾಯಣ್ ಕಾರ್ತಿಕೇಯನ್ 2010ರಲ್ಲಿ ನ್ಯಾಸ್ಕಾರ್‌ನ ಟ್ರಕ್ ಸರಣಿಯಲ್ಲೂ ಸ್ಪರ್ಧಿಸಿದ್ದರು. ಆ ವರ್ಷ ಅಭಿಮಾನಿಗಳ ಮತದಿಂದ ಆ ಸರಣಿಯ ಅತ್ಯಂತ ಜನಪ್ರಿಯ ಚಾಲಕ ಪ್ರಶಸ್ತಿಯೂ ಅವರಿಗೆ ಬಂದಿತ್ತು.

ಮೊದಲು ನೋಡಬೇಕಾದ್ದು ನಿಯಮ

ಚಾಲಕನ ಹೆಸರು ನೋಡುವ ಮೊದಲು ಆ ವರ್ಷ ಚಾಂಪಿಯನ್ ಆಗುವ ನಿಯಮ ಏನು ಎಂದು ತಿಳಿಯಿರಿ. ನ್ಯಾಸ್ಕಾರ್‌ನಲ್ಲಿ ಇದು ಹಲವು ಬಾರಿ ಬದಲಾಗಿದೆ.

* 2003ರವರೆಗೆ: ಇಡೀ ಸೀಸನ್‌ನ ಅಂಕಗಳ ಮೊತ್ತವೇ ಲೆಕ್ಕ.
* 2004ರಿಂದ 2013: 'ಚೇಸ್' ಪದ್ಧತಿ. ಆಯ್ದ ಚಾಲಕರ ಅಂಕಗಳನ್ನು ಹತ್ತಿರ ತಂದು, ಕೊನೆಯ 10 ರೇಸ್‌ಗಳ ಅಂಕದಿಂದ ಚಾಂಪಿಯನ್ ನಿರ್ಧಾರ.
* 2014ರಿಂದ 2025: ಪ್ಲೇಆಫ್. 16 ಚಾಲಕರು, ಹಂತ ಹಂತವಾಗಿ ಹೊರಬೀಳುವ ವ್ಯವಸ್ಥೆ. ಫೈನಲ್‌ಗೆ ನಾಲ್ವರು. ಆ ನಾಲ್ವರಲ್ಲಿ ಫೈನಲ್ ರೇಸ್‌ನಲ್ಲಿ ಯಾರು ಮುಂದೆ ಮುಗಿಸುತ್ತಾರೋ ಅವರೇ ಚಾಂಪಿಯನ್.
* 2026ರಿಂದ: ಮತ್ತೆ ಚೇಸ್. 16 ಚಾಲಕರು, 10 ರೇಸ್, ಯಾರೂ ನಡುವೆ ಹೊರಬೀಳುವುದಿಲ್ಲ. ಅಂಕವೇ ಅಂತಿಮ.

ನಾಲ್ವರ ಫೈನಲ್ ಪದ್ಧತಿಯಲ್ಲಿ ಇಡೀ ವರ್ಷದ ಶ್ರಮ ಒಂದೇ ಮಧ್ಯಾಹ್ನದ ಮೇಲೆ ನಿಂತಿರುತ್ತಿತ್ತು. 2020ರಲ್ಲಿ ಕೆವಿನ್ ಹಾರ್ವಿಕ್ 9 ರೇಸ್ ಗೆದ್ದರೂ ಫೈನಲ್‌ನ ನಾಲ್ವರಲ್ಲಿ ಇರಲಿಲ್ಲ. 2024ರಲ್ಲಿ ಅತಿ ಹೆಚ್ಚು (6) ರೇಸ್ ಗೆದ್ದ ಲಾರ್ಸನ್ ಕೂಡ ಅಲ್ಲಿಗೆ ತಲುಪಲಿಲ್ಲ. ಅದೇ ವರ್ಷ ಜೋಯಿ ಲೊಗಾನೊ ಒಂದು ಹಂತದಲ್ಲಿ ಹೊರಬಿದ್ದೇ ಬಿಟ್ಟಿದ್ದರು. ಆದರೆ ಷಾರ್ಲೆಟ್ ರೇಸ್ ನಂತರದ ತಪಾಸಣೆಯಲ್ಲಿ ಅಲೆಕ್ಸ್ ಬೋಮನ್ ಅವರ ಕಾರಿನ ತೂಕ ಕಡಿಮೆ ಬಂದು ಅವರು ಅನರ್ಹರಾದರು. ಆ ಜಾಗಕ್ಕೆ ಬಂದ ಲೊಗಾನೊ ಮೂರನೇ ಬಾರಿ ಚಾಂಪಿಯನ್ ಆದರು. ನಿಜವಾದ ಚಾಂಪಿಯನ್ ಯಾರು ಎಂಬ ಅಭಿಮಾನಿಗಳ ಜಗಳ ಜೋರಾಗಿದ್ದು ಇಂಥ ಸಂದರ್ಭಗಳಿಂದಲೇ.

ಎರಡನೆಯದು ಟ್ರ್ಯಾಕ್

ಕ್ರಿಕೆಟ್‌ನಲ್ಲಿ ಪಿಚ್ ನೋಡದೆ ತಂಡ ಕಟ್ಟುವವರಿಲ್ಲ. ಇಲ್ಲೂ ಅಷ್ಟೇ. ಫೈನಲ್ ನಡೆಯುವ ಟ್ರ್ಯಾಕ್ ಯಾವುದು ಎಂಬುದೇ ಅರ್ಧ ಉತ್ತರ.

2020ರಿಂದ 2025ರವರೆಗೆ ಫೈನಲ್ ನಡೆದ ಫೀನಿಕ್ಸ್ ಒಂದು ಮೈಲಿ ಉದ್ದದ ಟ್ರ್ಯಾಕ್. ಅಲ್ಲಿ ನವೆಂಬರ್ ರೇಸ್‌ಗಳಲ್ಲಿ ರಯಾನ್ ಬ್ಲೇನಿ ಅವರ ದಾಖಲೆ ನೋಡಿ: 2022, 2023, 2024ರಲ್ಲಿ ಎರಡನೇ ಸ್ಥಾನ, 2025ರಲ್ಲಿ ಗೆಲುವು. ಒಂದೇ ಟ್ರ್ಯಾಕ್‌ನಲ್ಲಿ ಇಷ್ಟು ಸ್ಥಿರವಾಗಿ ಓಡುವುದು ಅದೃಷ್ಟವಲ್ಲ. ಚಾಂಪಿಯನ್ ಪಟ್ಟದ ಲೆಕ್ಕವೂ ಹಾಗೇ ಇದೆ. ಫೀನಿಕ್ಸ್‌ನಲ್ಲಿ ನಿರ್ಧಾರವಾದ ಆರು ಪಟ್ಟಗಳಲ್ಲಿ ಮೂರು ಹೆಂಡ್ರಿಕ್ ತಂಡಕ್ಕೆ (ಚೇಸ್ ಎಲಿಯಟ್ 2020, ಲಾರ್ಸನ್ 2021 ಮತ್ತು 2025), ಮೂರು ಪೆನ್ಸ್ಕಿ ತಂಡಕ್ಕೆ (ಲೊಗಾನೊ 2022 ಮತ್ತು 2024, ಬ್ಲೇನಿ 2023) ಹೋದವು. ಹ್ಯಾಮ್ಲಿನ್ ಅವರ ಜೋ ಗಿಬ್ಸ್ ತಂಡಕ್ಕೆ ಒಂದೂ ಸಿಗಲಿಲ್ಲ.

2026ರಲ್ಲಿ ಫೈನಲ್ ಫ್ಲಾರಿಡಾದ ಹೋಮ್‌ಸ್ಟೆಡ್-ಮಯಾಮಿಗೆ ಮರಳುತ್ತದೆ. 2002ರಿಂದ 2019ರವರೆಗೆ ಫೈನಲ್ ನಡೆಯುತ್ತಿದ್ದದ್ದು ಅಲ್ಲೇ. ಇದು ಒಂದೂವರೆ ಮೈಲಿಯ ಟ್ರ್ಯಾಕ್. ಹಳೆಯ ಡಾಂಬರು ಟೈರನ್ನು ಬೇಗ ಸವೆಸುತ್ತದೆ. ತಿರುವಿನ ಇಳಿಜಾರು ಮೇಲೆ ಹೋದಂತೆ ಹೆಚ್ಚುವುದರಿಂದ ಹೊರಗೋಡೆಗೆ ಅಂಟಿಕೊಂಡಂತೆ ಓಡಿಸುವವರಿಗೆ ಅಲ್ಲಿ ಲಾಭ. ಸ್ವಲ್ಪ ಲೆಕ್ಕ ತಪ್ಪಿದರೂ ಕಾರು ಗೋಡೆಗೆ ಉಜ್ಜುತ್ತದೆ. ಈ ಕಲೆಯಲ್ಲಿ ಲಾರ್ಸನ್ ಎತ್ತಿದ ಕೈ. 2022ರಲ್ಲಿ ಅಲ್ಲಿ 267 ಲ್ಯಾಪ್‌ಗಳಲ್ಲಿ 199 ಲ್ಯಾಪ್ ಮುನ್ನಡೆದು ಗೆದ್ದಿದ್ದ ಅವರು 2025ರ ಮಾರ್ಚ್‌ನಲ್ಲೂ ಗೆದ್ದರು. 2023ರಲ್ಲಿ ಕ್ರಿಸ್ಟೋಫರ್ ಬೆಲ್, 2024ರಲ್ಲಿ ಟೈಲರ್ ರೆಡಿಕ್ ಗೆದ್ದಿದ್ದಾರೆ. ಹೋಮ್‌ಸ್ಟೆಡ್ ಫೈನಲ್‌ಗೆ ಪಟ್ಟಿ ಮಾಡುವವರು ಈ ಮೂರು ಹೆಸರುಗಳಿಂದ ಶುರು ಮಾಡಬಹುದು.

ಮೂರನೆಯದು ಅಂಕಿ-ಅಂಶ

ರೇಸ್‌ನ ಫಲಿತಾಂಶ ಪಟ್ಟಿ ಅರ್ಧ ಸತ್ಯವನ್ನಷ್ಟೇ ಹೇಳುತ್ತದೆ. ದಿನವಿಡೀ ಎರಡನೇ ಸ್ಥಾನದಲ್ಲಿದ್ದು ಕೊನೆಗೆ ಟೈರ್ ಒಡೆದವನ ಹೆಸರು 30ನೇ ಸ್ಥಾನದಲ್ಲಿರುತ್ತದೆ. ಅದಕ್ಕೇ ನ್ಯಾಸ್ಕಾರ್ 2005ರಿಂದ ಪ್ರತಿ ಲ್ಯಾಪ್‌ನ ವಿವರವನ್ನು ಎಲೆಕ್ಟ್ರಾನಿಕ್ ವಿಧಾನದಲ್ಲಿ ದಾಖಲಿಸುತ್ತಿದೆ. ಇದರಲ್ಲಿ ಗಮನಿಸಬೇಕಾದವು ಮೂರು.

* ಸರಾಸರಿ ಓಟದ ಸ್ಥಾನ: ರೇಸ್‌ನುದ್ದಕ್ಕೂ ಚಾಲಕ ಎಷ್ಟನೇ ಸ್ಥಾನದಲ್ಲಿ ಓಡಿದ ಎಂಬ ಸರಾಸರಿ.
* ಮುನ್ನಡೆದ ಲ್ಯಾಪ್‌ಗಳು: ಕಾರಿನ ನಿಜವಾದ ವೇಗಕ್ಕೆ ಕನ್ನಡಿ.
* ಚಾಲಕನ ರೇಟಿಂಗ್: ಗೆಲುವು, ಸ್ಥಾನ, ವೇಗ, ಮುನ್ನಡೆ ಎಲ್ಲವನ್ನೂ ಸೇರಿಸಿ ಕೊಡುವ ಅಂಕ. ಗರಿಷ್ಠ 150.

ಇವುಗಳನ್ನು ಇಡೀ ವರ್ಷಕ್ಕೆ ನೋಡುವುದಕ್ಕಿಂತ ಫೈನಲ್ ಟ್ರ್ಯಾಕ್‌ಗೆ ಹೋಲುವ ಟ್ರ್ಯಾಕ್‌ಗಳಲ್ಲಿ, ಕೊನೆಯ ಎಂಟು-ಹತ್ತು ವಾರಗಳಲ್ಲಿ ನೋಡಿದರೆ ಚಿತ್ರ ಸ್ಪಷ್ಟವಾಗುತ್ತದೆ. ಇನ್ನೊಂದು ಎಚ್ಚರಿಕೆ: 2022ರಲ್ಲಿ ಹೊಸ ತಲೆಮಾರಿನ ಕಾರು ಬಂದಿದೆ. ಹೆಚ್ಚಿನ ಬಿಡಿಭಾಗಗಳು ಎಲ್ಲ ತಂಡಗಳಿಗೂ ಒಂದೇ ಕಡೆಯಿಂದ ಬರುವುದರಿಂದ ಕಾರುಗಳ ನಡುವಿನ ಅಂತರ ಕಡಿಮೆಯಾಗಿದೆ. ಅದಕ್ಕೂ ಹಿಂದಿನ ದಾಖಲೆಗಳಿಗೆ ಹೆಚ್ಚು ತೂಕ ಕೊಡುವುದು ಬೇಡ.

ನಾಲ್ಕನೆಯದು ಪಿಟ್ ತಂಡ

ವೇಗದಲ್ಲಿ ಎಲ್ಲರೂ ಹತ್ತಿರ ಹತ್ತಿರ ಇರುವಾಗ ಸ್ಥಾನ ಬದಲಾಗುವುದು ಪಿಟ್‌ನಲ್ಲಿ. 2021ರ ಫೈನಲ್‌ನ ಕೊನೆಯ ಪಿಟ್ ನಿಲುಗಡೆಗೆ ಮುಂಚೆ ಲಾರ್ಸನ್ ನಾಲ್ಕನೇ ಸ್ಥಾನದಲ್ಲಿದ್ದರು. ಅವರ ತಂಡ 11.8 ಸೆಕೆಂಡ್‌ಗಳಲ್ಲಿ ಕೆಲಸ ಮುಗಿಸಿತು. ಅರ್ಹತಾ ಸುತ್ತಿನಲ್ಲಿ ಮೊದಲಿಗರಾಗಿದ್ದರಿಂದ ಪಿಟ್ ಹಾದಿಯ ಹೊರಬಾಗಿಲಿಗೆ ಅತಿ ಹತ್ತಿರದ ಜಾಗ ಅವರಿಗೆ ಸಿಕ್ಕಿತ್ತು. ನಾಲ್ಕನೆಯವರಾಗಿ ಒಳಹೋದವರು ಮೊದಲಿಗರಾಗಿ ಹೊರಬಂದರು, ಪಟ್ಟವೂ ಸಿಕ್ಕಿತು.

ಉಲ್ಟಾ ಆದ ಉದಾಹರಣೆಯೂ ಇದೆ. 2019ರ ಫೈನಲ್‌ನಲ್ಲಿ ಮಾರ್ಟಿನ್ ಟ್ರೂಎಕ್ಸ್ ಜೂನಿಯರ್ ಅವರ ಕಾರಿಗೆ ಎಡಗಡೆ ಹಾಕಬೇಕಾದ ಮುಂದಿನ ಟೈರನ್ನು ಬಲಗಡೆ ಹಾಕಿಬಿಟ್ಟರು. ಸರಿಪಡಿಸಲು ಮತ್ತೆ ಪಿಟ್‌ಗೆ ಬರಬೇಕಾಯಿತು. ಆ ವರ್ಷ ಕೈಲ್ ಬುಷ್ ಚಾಂಪಿಯನ್ ಆದರು.

ಹಾಗೆಂದು ಮೊದಲ ಸ್ಥಾನದಿಂದ ಹೊರಡುವವರೇ ಗೆಲ್ಲುತ್ತಾರೆ ಎಂದೇನಿಲ್ಲ. 2020ರಲ್ಲಿ ಎಲಿಯಟ್ ಅವರ ಕಾರು ರೇಸ್‌ಗೆ ಮುನ್ನ ತಪಾಸಣೆಯಲ್ಲಿ ಎಡವಿದ್ದರಿಂದ ಅವರು ಕಟ್ಟಕಡೆಯ ಸಾಲಿಗೆ ಹೋಗಬೇಕಾಯಿತು. ಆದರೂ ಅಲ್ಲಿಂದಲೇ ಬಂದು ರೇಸ್ ಗೆದ್ದರು.

ಲೆಕ್ಕ ತಪ್ಪುವುದು ಎಲ್ಲಿ?

ಬಹುತೇಕ ಹಳದಿ ಬಾವುಟದಲ್ಲಿ. ಅಪಘಾತವಾದಾಗ ಎಲ್ಲ ಕಾರುಗಳೂ ವೇಗ ತಗ್ಗಿಸಿ ಒಂದರ ಹಿಂದೆ ಒಂದು ಬರುತ್ತವೆ. ಐದಾರು ಸೆಕೆಂಡ್‌ಗಳ ಮುನ್ನಡೆ ಒಂದೇ ಕ್ಷಣದಲ್ಲಿ ಸೊನ್ನೆ. ಟ್ರ್ಯಾಕ್‌ನಲ್ಲಿ ಪಟ್ಟಕ್ಕೆ ಸಂಬಂಧವೇ ಇಲ್ಲದ ಮೂವತ್ತಕ್ಕೂ ಹೆಚ್ಚು ಕಾರುಗಳಿರುತ್ತವೆ. ಅವುಗಳಲ್ಲಿ ಯಾವುದು ಗೋಡೆಗೆ ಬಡಿದರೂ ಲೆಕ್ಕ ತಲೆಕೆಳಗು. 2016ರಲ್ಲಿ ಪಟ್ಟದ ಹಾದಿಯಲ್ಲಿದ್ದ ಕಾರ್ಲ್ ಎಡ್ವರ್ಡ್ಸ್, ಇಂಥದೇ ಹಳದಿ ಬಾವುಟದ ನಂತರ ಓಟ ಮರುಶುರುವಾದಾಗ ಲೊಗಾನೊ ಕಾರಿಗೆ ತಾಗಿ ಅಪಘಾತಕ್ಕೀಡಾದರು. ಗೆದ್ದವರು ಜಿಮ್ಮಿ ಜಾನ್ಸನ್. ಅದು ಅವರ ಏಳನೇ ಪಟ್ಟ, ರಿಚರ್ಡ್ ಪೆಟ್ಟಿ ಮತ್ತು ಡೇಲ್ ಅರ್ನ್‌ಹಾರ್ಟ್ ಅವರ ದಾಖಲೆಗೆ ಸಮ.

ಎರಡನೇ ಕಾರಣ ಅಲ್ಪ ದೂರದ ವೇಗ. ಕೆಲವು ಕಾರುಗಳು 40 ಲ್ಯಾಪ್ ಆದ ಮೇಲೆ ಚುರುಕಾಗುತ್ತವೆ, ಕೆಲವು ಮೊದಲ 15 ಲ್ಯಾಪ್‌ನಲ್ಲೇ ಮಿಂಚುತ್ತವೆ. 2018ರಲ್ಲಿ ಎಲ್ಲರ ಕಣ್ಣು ಬುಷ್, ಹಾರ್ವಿಕ್, ಟ್ರೂಎಕ್ಸ್ ಮೇಲಿತ್ತು. ಆ ಮೂವರೇ ಸೇರಿ 20 ರೇಸ್ ಗೆದ್ದಿದ್ದರು. ಆದರೆ ಕೊನೆಯಲ್ಲಿ ಓಟ ಮರುಶುರುವಾದ ಮೇಲೆ, 12 ಲ್ಯಾಪ್ ಬಾಕಿ ಇರುವಾಗ ಲೊಗಾನೊ ಟ್ರೂಎಕ್ಸ್ ಅವರನ್ನು ದಾಟಿ ಮೊದಲ ಪಟ್ಟ ಗೆದ್ದರು.

ಒಂದು ಊಹೆ ಮಾತ್ರ ಹೆಚ್ಚು ಬಾರಿ ನಿಜವಾಗಿದೆ. 2014ರಿಂದ 2025ರವರೆಗಿನ 12 ಸೀಸನ್‌ಗಳಲ್ಲಿ 10 ಬಾರಿ ಚಾಂಪಿಯನ್ ಆದವರೇ ಫೈನಲ್ ರೇಸನ್ನೂ ಗೆದ್ದಿದ್ದಾರೆ. 2023 ಮತ್ತು 2025 ಮಾತ್ರ ಅಪವಾದ.

2026ರ ಹೊಸ ಲೆಕ್ಕ

ಹೊಸ ಚೇಸ್‌ನಲ್ಲಿ ಮೊದಲ 26 ರೇಸ್‌ಗಳ ಅಂಕದ ಆಧಾರದಲ್ಲಿ 16 ಮಂದಿ ಆಯ್ಕೆಯಾಗುತ್ತಾರೆ. ಮೊದಲಿಗನಿಗೆ 2,100, ಎರಡನೆಯವನಿಗೆ 2,075, ಮೂರನೆಯವನಿಗೆ 2,065 ಅಂಕ. ನಂತರ ಐದೈದು ಕಡಿಮೆಯಾಗುತ್ತಾ 16ನೆಯವನಿಗೆ 2,000. ರೇಸ್ ಗೆದ್ದರೆ 55 ಅಂಕ, ಎರಡನೇ ಸ್ಥಾನಕ್ಕೆ 35, ಮುಂದೆ ಒಂದೊಂದು ಕಡಿಮೆ.

ಫೈನಲ್ ದಿನ ನೀವೇ ಈ ಲೆಕ್ಕ ಮಾಡಬಹುದು. ಒಬ್ಬ ಚಾಲಕ 30 ಅಂಕ ಮುಂದಿದ್ದಾನೆ ಎಂದುಕೊಳ್ಳಿ. ಹಿಂದಿರುವವನು ರೇಸ್ ಗೆದ್ದು 55 ಅಂಕ ಪಡೆದರೆ, ಮುಂದಿರುವವನಿಗೆ 26 ಅಂಕ ಬೇಕು. ಅಂದರೆ 11ನೇ ಸ್ಥಾನದೊಳಗೆ ಮುಗಿಸಿದರೆ ಸಾಕು. ರೇಸ್‌ನ ನಡುವಿನ ಹಂತಗಳಲ್ಲಿ ಸಿಗುವ ಅಂಕಗಳನ್ನು ಇದಕ್ಕೆ ಕೂಡಿಸಿಕೊಳ್ಳಿ. ಇಲ್ಲಿ 'ಯಾರು ಗೆಲ್ಲುತ್ತಾರೆ' ಎಂಬುದಕ್ಕಿಂತ 'ಯಾರು ಎಡವುವುದಿಲ್ಲ' ಎಂಬ ಪ್ರಶ್ನೆಗೆ ತೂಕ ಹೆಚ್ಚು.

ಅಂಕ ಪದ್ಧತಿಯಲ್ಲಿ ರೋಚಕತೆ ಇರುವುದಿಲ್ಲ ಎನ್ನುವವರು 2011ನ್ನು ನೆನಪಿಸಿಕೊಳ್ಳಬೇಕು. ಹೋಮ್‌ಸ್ಟೆಡ್‌ನಲ್ಲಿ ಟೋನಿ ಸ್ಟೀವರ್ಟ್ ಗೆದ್ದರು, ಎಡ್ವರ್ಡ್ಸ್ ಎರಡನೆಯವರಾದರು. ಇಬ್ಬರಿಗೂ ತಲಾ 2,403 ಅಂಕ. ಆ ವರ್ಷ ಸ್ಟೀವರ್ಟ್ 5, ಎಡ್ವರ್ಡ್ಸ್ 1 ರೇಸ್ ಗೆದ್ದಿದ್ದರಿಂದ ಪಟ್ಟ ಸ್ಟೀವರ್ಟ್ ಪಾಲಾಯಿತು.

ಬೆಟ್ಟಿಂಗ್ ದರ ಓದುವುದು ಹೇಗೆ?

ಅಮೆರಿಕದ ವೆಬ್‌ಸೈಟ್‌ಗಳಲ್ಲಿ ಚಾಲಕನ ಹೆಸರಿನ ಮುಂದೆ '+300' ಎಂದಿದ್ದರೆ, 100 ಡಾಲರ್‌ಗೆ 300 ಡಾಲರ್ ಲಾಭ ಎಂದರ್ಥ. ಅಂದರೆ ಗೆಲ್ಲುವ ಸಾಧ್ಯತೆ ಶೇ 25. ಎಲ್ಲರ ಶೇಕಡಾವಾರು ಕೂಡಿಸಿದರೆ 100 ದಾಟುತ್ತದೆ. ಹೆಚ್ಚುವರಿ ಭಾಗ ಬುಕ್ಕಿಗಳ ಲಾಭ. ಇದನ್ನು ಮಾಹಿತಿಯಾಗಿ ಮಾತ್ರ ನೋಡಿ. ಭಾರತದಲ್ಲಿ 2025ರ ಆನ್‌ಲೈನ್ ಗೇಮಿಂಗ್ ಕಾಯ್ದೆಯು ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿದೆ.

ಫೈನಲ್‌ಗೆ ಮುನ್ನ ಒಂದು ಪಟ್ಟಿ

1. ಅಂಕಪಟ್ಟಿಯಲ್ಲಿ ನಿಜವಾಗಿ ಪಟ್ಟದ ಹಾದಿಯಲ್ಲಿರುವವರು ಎಷ್ಟು ಮಂದಿ?
2. ಫೈನಲ್ ಟ್ರ್ಯಾಕ್‌ನಲ್ಲಿ 2022ರ ನಂತರ ಅವರ ದಾಖಲೆ ಏನು?
3. ಕೊನೆಯ ಹತ್ತು ರೇಸ್‌ಗಳಲ್ಲಿ ಸರಾಸರಿ ಓಟದ ಸ್ಥಾನ ಎಷ್ಟು?
4. ಅರ್ಹತಾ ಸುತ್ತಿನಲ್ಲಿ ಎಷ್ಟನೇ ಸ್ಥಾನ? ಪಿಟ್ ಜಾಗ ಎಲ್ಲಿ ಸಿಕ್ಕಿದೆ?
5. ಪಿಟ್ ತಂಡ ಇತ್ತೀಚೆಗೆ ತಪ್ಪು ಮಾಡಿದೆಯೇ?

ಇಷ್ಟನ್ನು ನೋಡಿದರೆ ಮೊದಲ ಐದರಲ್ಲಿ ಇರುವವರನ್ನು ಹೆಸರಿಸುವುದು ಅಷ್ಟೇನೂ ಕಷ್ಟವಲ್ಲ. ಆ ಐವರಲ್ಲಿ ಒಬ್ಬರನ್ನು ಆರಿಸುವಾಗ ಮಾತ್ರ ಹ್ಯಾಮ್ಲಿನ್ ನೆನಪಿರಲಿ. ಐದು ಬಾರಿ ಫೈನಲ್‌ನ ನಾಲ್ವರಲ್ಲಿ ಒಬ್ಬರಾಗಿದ್ದವರು, 60 ರೇಸ್ ಗೆದ್ದವರು, 2025ರ ಸೀಸನ್ ಮುಗಿದಾಗಲೂ ಪಟ್ಟವಿಲ್ಲದೆ ಮನೆಗೆ ಹೋದರು. ಭಾರತದಲ್ಲಿ ಫೈನಲ್ ನೋಡಬೇಕೆಂದರೆ ಭಾನುವಾರ ಮಧ್ಯರಾತ್ರಿ ದಾಟಿದ ಮೇಲೂ ಎಚ್ಚರವಿರಬೇಕು. ಕೊನೆಯ ಹತ್ತು ಲ್ಯಾಪ್ ಇದ್ದಾಗ ನಿದ್ದೆ ಬಂತೆಂದು ಟಿವಿ ಆರಿಸಬೇಡಿ, ಪಟ್ಟ ಕೈಬದಲಾಗುವುದು ಹೆಚ್ಚಾಗಿ ಆಗಲೇ.