ದೇಶವಿಲ್ಲದ ಭಾಷೆಯ ಕತೆ

ವಿದೇಶಿ ಭಾಷೆಯೊಂದನ್ನು ಕಲಿಯಲು ಹೊರಟವರು ಮೊದಲು ಲೆಕ್ಕ ಹಾಕುವುದು ಅದರಿಂದಾಗುವ ಪ್ರಯೋಜನವನ್ನು. ಫ್ರೆಂಚ್ ಕಲಿತರೆ ಫ್ರಾನ್ಸ್ ಇದೆ, ಜರ್ಮನ್ ಕಲಿತರೆ ಅಲ್ಲಿನ ವಿಶ್ವವಿದ್ಯಾಲಯಗಳಿವೆ, ಜಪಾನಿ ಕಲಿತವರಿಗೆ ಕಂಪೆನಿಗಳ ಬಾಗಿಲು ತೆರೆದಿದೆ. ಎಸ್ಪೆರಾಂಟೊ ಕಲಿತವರಿಗೆ ಏನಿದೆ? ಆ ಭಾಷೆಗೆ ದೇಶವಿಲ್ಲ, ಸೈನ್ಯವಿಲ್ಲ, ರಾಯಭಾರ ಕಚೇರಿಯೂ ಇಲ್ಲ. ಆದರೂ ಅದನ್ನು ಕಲಿಯುವವರು ಇಂದಿಗೂ ಇದ್ದಾರೆ.

ಈ ಭಾಷೆಯನ್ನು ರೂಪಿಸಿದಾತ ಲುಡ್ವಿಕ್ ಜಾಮೆನ್‌ಹಾಫ್ ಎಂಬ ಕಣ್ಣಿನ ವೈದ್ಯ. ಆತ 1859ರಲ್ಲಿ ಹುಟ್ಟಿದ್ದು ಅಂದು ರಷ್ಯಾ ಸಾಮ್ರಾಜ್ಯದಲ್ಲಿದ್ದ, ಇಂದು ಪೋಲೆಂಡಿನಲ್ಲಿರುವ ಬಿಯಾಲಿಸ್ಟಾಕ್ ಪಟ್ಟಣದಲ್ಲಿ. ಯಹೂದಿಗಳು, ಪೋಲರು, ರಷ್ಯನ್ನರು, ಜರ್ಮನ್ನರು ಅಕ್ಕಪಕ್ಕದಲ್ಲೇ ಬಾಳುತ್ತಿದ್ದ ಊರು ಅದು. ಒಬ್ಬರ ಭಾಷೆ ಇನ್ನೊಬ್ಬರದಲ್ಲ, ಪರಸ್ಪರ ನಂಬಿಕೆಯೂ ಅಷ್ಟಕ್ಕಷ್ಟೆ. ಎಲ್ಲರಿಗೂ ಸಮಾನವಾದ ಎರಡನೆಯ ಭಾಷೆಯೊಂದಿದ್ದರೆ ಈ ದ್ವೇಷ ತಗ್ಗೀತೆಂದು ಯಹೂದಿ ಕುಟುಂಬದ ಈ ಹುಡುಗನಿಗೆ ಅನಿಸಿತು. 1887ರಲ್ಲಿ ವಾರ್ಸಾದಲ್ಲಿ ಆತ ಪ್ರಕಟಿಸಿದ ಪುಟ್ಟ ಪುಸ್ತಕದ ಮೇಲೆ ಇದ್ದ ಹೆಸರು ‘ಡಾಕ್ಟರ್ ಎಸ್ಪೆರಾಂಟೊ’, ಅಂದರೆ ಭರವಸೆ ಇಟ್ಟವನು. ಕಾವ್ಯನಾಮವೇ ಮುಂದೆ ಭಾಷೆಯ ಹೆಸರಾಯಿತು.

ಇಂಥ ಪ್ರಯತ್ನ ಇದೇ ಮೊದಲೇನಲ್ಲ. ಜರ್ಮನ್ ಪಾದ್ರಿ ಶ್ಲೇಯರ್ 1880ರ ಸುಮಾರಿಗೆ ವೊಲಪ್ಯೂಕ್ ಎಂಬ ಭಾಷೆಯನ್ನು ಹೊರತಂದು ಯೂರೋಪಿನಲ್ಲಿ ದೊಡ್ಡ ಸದ್ದು ಮಾಡಿದ್ದ. ಆದರೆ ಭಾಷೆಯ ಮೇಲೆ ಕೊನೆಯ ಮಾತು ತನ್ನದೇ ಆಗಬೇಕೆಂದು ಆತ ಹಟ ಹಿಡಿದ. ಅನುಯಾಯಿಗಳು ಒಡೆದು ಚದುರಿದರು. ಜಾಮೆನ್‌ಹಾಫ್ ಇದಕ್ಕೆ ತದ್ವಿರುದ್ಧ. ಮೊದಲ ಪುಸ್ತಕದಲ್ಲೇ ಆತ ತನ್ನ ಹಕ್ಕು ಬಿಟ್ಟುಕೊಟ್ಟು, ಭಾಷೆ ಸಮಾಜದ ಸೊತ್ತು ಎಂದು ಸಾರಿದ. ಎಸ್ಪೆರಾಂಟೊ ಉಳಿದದ್ದಕ್ಕೆ ಅದರ ವ್ಯಾಕರಣಕ್ಕಿಂತ ಈ ಔದಾರ್ಯವೇ ದೊಡ್ಡ ಕಾರಣವಿರಬೇಕು.

ಹಾಗೆಂದು ವ್ಯಾಕರಣವೇನೂ ಕಡಿಮೆಯಲ್ಲ. ಮೂಲ ನಿಯಮಗಳು ಕೇವಲ 16, ಅಪವಾದಗಳನ್ನು ಬಾಯಿಪಾಠ ಮಾಡುವ ಗೋಜಿಲ್ಲ. ಕನ್ನಡಿಗರಿಗೆ ಅದರ ಕಟ್ಟಡ ಪರಿಚಿತವೆನಿಸಬಹುದು. ‘ಹುಂಡೊ’ ಎಂದರೆ ನಾಯಿ, ‘ಹುಂಡೊಯ್’ ನಾಯಿಗಳು, ‘ಹುಂಡೊನ್’ ನಾಯಿಯನ್ನು, ‘ಹುಂಡೊಯ್ನ್’ ನಾಯಿಗಳನ್ನು. ನಮ್ಮ ಬಹುವಚನ ಮತ್ತು ವಿಭಕ್ತಿ ಪ್ರತ್ಯಯಗಳು ಒಂದರ ಹಿಂದೊಂದು ಅಂಟಿಕೊಳ್ಳುವ ಹಾಗೆಯೇ ಇದು. ಪದಗಳನ್ನೂ ಹೀಗೆಯೇ ಬೆಳೆಸಬಹುದು. ‘ಸಾನ’ ಎಂದರೆ ಆರೋಗ್ಯವುಳ್ಳ, ‘ಮಲ್‌ಸಾನ’ ಅಸ್ವಸ್ಥ, ‘ಮಲ್‌ಸಾನುಲೊ’ ರೋಗಿ, ರೋಗಿಗಳಿರುವ ತಾಣ ‘ಮಲ್‌ಸಾನುಲೇಯೊ’, ಅಂದರೆ ಆಸ್ಪತ್ರೆ. ಆದರೆ ಧಾತುಗಳೆಲ್ಲ ಬಹುಪಾಲು ಯೂರೋಪಿನವು. ಎಲ್ಲರಿಗೂ ಸಮಾನ ಎಂಬ ಮಾತು ಏಷ್ಯಾದವರ ಪಾಲಿಗೆ ಪೂರ್ತಿ ನಿಜವಲ್ಲ.

1905ರಲ್ಲಿ ಫ್ರಾನ್ಸಿನ ಬೂಲೋನ್ ಪಟ್ಟಣದಲ್ಲಿ ಮೊದಲ ವಿಶ್ವ ಸಮ್ಮೇಳನ ನಡೆಯಿತು. ಅಲ್ಲಿಗೆ ಬಂದ 688 ಮಂದಿ ದುಭಾಷಿಗಳಿಲ್ಲದೆ ಮಾತಾಡಿಕೊಂಡರು. ಮೊದಲ ಮಹಾಯುದ್ಧ ಮುಗಿದು ರಾಷ್ಟ್ರಸಂಘ ಹುಟ್ಟಿದಾಗ ಎಸ್ಪೆರಾಂಟೊಗೆ ದೊಡ್ಡ ಅವಕಾಶವೇ ಒದಗಿತ್ತು. ಸಂಘದ ಜಪಾನಿ ಅಧಿಕಾರಿ ನಿಟೊಬೆ ಇನಾಜೊ 1921ರ ಪ್ರಾಗ್ ಸಮ್ಮೇಳನವನ್ನು ಕಣ್ಣಾರೆ ಕಂಡು ಮೆಚ್ಚಿ ವರದಿ ಕೊಟ್ಟರು. ಅಡ್ಡ ಬಂದದ್ದು ಫ್ರಾನ್ಸ್. ರಾಜತಾಂತ್ರಿಕ ವ್ಯವಹಾರದಲ್ಲಿ ಫ್ರೆಂಚಿಗಿದ್ದ ಪಟ್ಟ ಅದಕ್ಕೆ ಮುಖ್ಯವಾಗಿತ್ತು. 1922ರಲ್ಲಿ ಫ್ರಾನ್ಸಿನ ಶಿಕ್ಷಣ ಸಚಿವ ಲಿಯಾನ್ ಬೆರಾರ್, ಶಾಲೆಗಳಲ್ಲಿ ಎಸ್ಪೆರಾಂಟೊ ಕಲಿಸುವುದನ್ನೇ ನಿಷೇಧಿಸಿದ.

ಮುಂದಿನದು ಇನ್ನೂ ಕರಾಳ. ಹಿಟ್ಲರ್ ಇದನ್ನು ಯಹೂದಿಗಳ ಸಂಚೆಂದು ಬಗೆದ. 1936ರಲ್ಲಿ ಜರ್ಮನಿಯ ಎಸ್ಪೆರಾಂಟೊ ಸಂಘಗಳಿಗೆ ಬೀಗ ಬಿತ್ತು. ಸ್ಟಾಲಿನ್ ಕಾಲದ ಸೋವಿಯತ್ ಒಕ್ಕೂಟದಲ್ಲಿ ಹೊರದೇಶದವರೊಡನೆ ಪತ್ರ ವ್ಯವಹಾರ ಇಟ್ಟುಕೊಂಡವರೆಲ್ಲ ಅನುಮಾನಕ್ಕೆ ಗುರಿಯಾದರು. 1937-38ರಲ್ಲಿ ಅನೇಕರು ಪ್ರಾಣ ಕಳೆದುಕೊಂಡರು. ಜಾಮೆನ್‌ಹಾಫ್ 1917ರಲ್ಲೇ ತೀರಿಕೊಂಡಿದ್ದ. ಮಗ ಆಡಮ್‌ನನ್ನು ನಾಜಿಗಳು 1940ರಲ್ಲಿ ಗುಂಡಿಟ್ಟು ಕೊಂದರು; ಹೆಣ್ಣುಮಕ್ಕಳಾದ ಸೋಫಿಯಾ ಮತ್ತು ಲಿಡಿಯಾ 1942ರಲ್ಲಿ ಟ್ರೆಬ್ಲಿಂಕಾ ಶಿಬಿರದಲ್ಲಿ ಹತರಾದರು. ಸೈನ್ಯವಿಲ್ಲದ ಭಾಷೆಗೆ ಸರ್ಕಾರಗಳು ಇಷ್ಟೊಂದು ಹೆದರಿದ್ದು ವಿಚಿತ್ರವೇ ಸರಿ.

ಇಂದು ಈ ಭಾಷೆ ಬಲ್ಲವರೆಷ್ಟು? ಅಂದಾಜುಗಳು ಒಂದು ಲಕ್ಷದೊಳಗಿನಿಂದ 20 ಲಕ್ಷದವರೆಗೆ ಹರಡಿಕೊಂಡಿವೆ. 2007ರಿಂದ 2013ರವರೆಗೆ ವಿಶ್ವ ಎಸ್ಪೆರಾಂಟೊ ಸಂಘದ ಅಧ್ಯಕ್ಷರಾಗಿದ್ದವರು ಭಾರತೀಯರೇ ಆದ ಭಾಷಾವಿಜ್ಞಾನಿ ಪ್ರೊಬಾಲ್ ದಾಸ್‌ಗುಪ್ತ. ಈ ಭಾಷೆಯಾಡುವ ಪ್ರವಾಸಿಗರಿಗೆ ಬಾಡಿಗೆಯಿಲ್ಲದೆ ತಂಗಲು ಜಾಗ ಕೊಡುವವರ ವಿಳಾಸಪಟ್ಟಿ ‘ಪಾಸ್‌ಪೋರ್ಟಾ ಸೆರ್ವೊ’ 1974ರಿಂದ ಬಳಕೆಯಲ್ಲಿದೆ. ಮೊದಲು ಎಸ್ಪೆರಾಂಟೊ ಕಲಿತರೆ ಬೇರೆ ಭಾಷೆಗಳು ಬೇಗ ಒಲಿಯುತ್ತವೆಂಬ ವಾದವೂ ಇದೆ. ಶಾಲೆಗಳಲ್ಲಿ ಇದರ ಪ್ರಯೋಗ ನಡೆದಿದೆಯಾದರೂ, ಅವು ಸಣ್ಣ ಪ್ರಮಾಣದವು ಎಂಬ ಟೀಕೆ ತಪ್ಪಿಲ್ಲ.

ಕೆಲಸಕ್ಕಾಗಿಯೋ ವಲಸೆಗಾಗಿಯೋ ಭಾಷೆ ಹುಡುಕುವವರು ಜರ್ಮನ್ ಅಥವಾ ಫ್ರೆಂಚನ್ನು ಆರಿಸಿಕೊಳ್ಳುವುದೇ ಮೇಲು. ದಿನಕ್ಕೆ ಅರ್ಧ ಗಂಟೆಯಷ್ಟೇ ಬಿಡುವಿದ್ದು, ಕೆಲವೇ ತಿಂಗಳಲ್ಲಿ ಪರದೇಶದವರೊಬ್ಬರಿಗೆ ತಾವೇ ಪತ್ರ ಬರೆಯಬೇಕೆನ್ನುವವರಿಗೆ ಮಾತ್ರ ಎಸ್ಪೆರಾಂಟೊಗೆ ಸಾಟಿಯಿಲ್ಲ. ಡ್ಯುಯೊಲಿಂಗೊ 2015ರಲ್ಲಿ ಇದರ ಪಾಠಗಳನ್ನು ಆರಂಭಿಸಿತು. ಅದು ಮೊದಲು ಹೊರತಂದದ್ದು ಇಂಗ್ಲಿಷ್ ಬಲ್ಲವರಿಗಾಗಿ!